ವರ್ಚುವಲ್‌ಬಾಕ್ಸ್‌ನ ಎಕ್ಸ್‌ಪಿಗೆ ತೂಕದ ಮಿಷನ್ ಜೋಡಿಸಲು ಪೈಪ್‌ಗೆ ಬಾಡ್ ರೇಟ್ ಎಷ್ಟು ಕೊಡಬೇಕು? ವಿಎಂ ಆನ್ ಆಗುತ್ತಿಲ್ಲ

ಪೈಪ್ ಅಂದರೆ ಎರಡು ಪ್ರೋಗ್ರಾಮ್ ಮಾತಾಡಿಕೊಳ್ಳುವ ದಾರಿ, ಅದಕ್ಕೆ ಬಾಡ್ ರೇಟೇ (ಸೀರಿಯಲ್ ತಂತಿಯಲ್ಲಿ ಡೇಟಾ ಹೋಗುವ ವೇಗ) ಬೇಡ ಮಾರಾಯ್ರೇ. 2400 ಹಾಕಿ, 9600 ಹಾಕಿ, ಅದು ಕ್ಯಾರೇ ಅನ್ನುವುದಿಲ್ಲ. ಅಲ್ಲಿ ತಂತಿಯೇ ಇಲ್ಲ, ವೇಗ ಎಲ್ಲಿಂದ ಬರಬೇಕು? ವಿಎಂ, ಅಂದರೆ ವರ್ಚುವಲ್‌ಬಾಕ್ಸ್ ನಿಮ್ಮ ಕಂಪ್ಯೂಟರಿನೊಳಗೆ ಮಾಡಿಕೊಡುವ ಇನ್ನೊಂದು ಕಂಪ್ಯೂಟರ್, ಆನ್ ಆಗದಿರುವುದು ಬೇರೆ ಕಾರಣಕ್ಕೆ. ಅದೇ ಕಾರಣಕ್ಕೆ ನಾನು ಒಬ್ಬರ ಹದಿನೇಳು ದಿನದ ಬಿಲ್ಲು ಕಳೆದವನು.

ಮಂಗಳೂರಿನ ಬಂದರಿನಲ್ಲಿ ಒಂದು ಅಡಿಕೆ ಅಂಗಡಿ. ಬಿಲ್ಲಿನ ಸಾಫ್ಟ್‌ವೇರ್ ಹಳೆ ವಿಂಡೋಸ್ ಎಕ್ಸ್‌ಪಿ ಕಾಲದ್ದು, ಬರೆದವರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರಲ್ಲೇ ಕೈ ಎತ್ತಿತು. ಆದರೆ ಧಣಿಗಳಿಗೆ ಅದೇ ಬೇಕು, ಯಾಕೆಂದರೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯ ತರಗಳೆಲ್ಲ ಅದರಲ್ಲಿ ಅವರ ಬೆರಳಿಗೆ ಅಭ್ಯಾಸ ಆಗಿಬಿಟ್ಟಿದೆ. ಹಳೆ ಕಂಪ್ಯೂಟರ್ ಸತ್ತಾಗ ನಾನು ಹೊಸದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಎಕ್ಸ್‌ಪಿ ಕೂರಿಸಿದೆ. ಎರಡು ವಾರ ತೂಕವನ್ನು ಕೈಯಲ್ಲೇ ಟೈಪ್ ಮಾಡಿದರು. ಆಮೇಲೆ "ಮಿಷನ್‌ನಿಂದ ಸೀದಾ ಬರುವ ಹಾಗೆ ಮಾಡಿ ಕೊಡಿ" ಅಂದರು.

ನಾನೂ ನಿಮ್ಮ ಹಾಗೇ ಬುದ್ಧಿ ಓಡಿಸಿದೆ. ಹೋಸ್ಟ್‌ನಲ್ಲಿ, ಅಂದರೆ ಹೊರಗಿನ ನಿಜವಾದ ಕಂಪ್ಯೂಟರಿನಲ್ಲಿ, ಒಂದು ಪ್ರೋಗ್ರಾಮ್ ಮಿಷನ್ ಓದುತ್ತದೆ, ಪೈಪ್‌ಗೆ ಹಾಕುತ್ತದೆ, ಎಕ್ಸ್‌ಪಿ ಅದನ್ನು ಕಾಮ್1 (ಮೊದಲ ಸೀರಿಯಲ್ ಪೋರ್ಟ್) ಅಂತ ನೋಡುತ್ತದೆ. ಸೀರಿಯಲ್ ಪೋರ್ಟ್ ಸೆಟ್ಟಿಂಗ್‌ನಲ್ಲಿ ಹೋಸ್ಟ್ ಪೈಪ್ ಆರಿಸಿ ಹೆಸರು ಕೊಟ್ಟೆ. ಅದರ ಪಕ್ಕ ಒಂದು ಚೌಕ ಇದೆ ನೋಡಿ, "ಕನೆಕ್ಟ್ ಟು ಎಕ್ಸಿಸ್ಟಿಂಗ್ ಪೈಪ್/ಸಾಕೆಟ್" ಅಂತ. ಹೆಸರು ಕೊಟ್ಟೆನಲ್ಲ, ಹಾಗಾದರೆ ಪೈಪ್ ಇದೆ ಅಂತಲೇ ಲೆಕ್ಕ ಅಂದುಕೊಂಡು ಟಿಕ್ ಹಾಕಿದೆ.

ಅದೇ ತಪ್ಪು. ಟಿಕ್ ಹಾಕಿದರೆ ವರ್ಚುವಲ್‌ಬಾಕ್ಸ್ ಪೈಪ್ ಮಾಡುವುದಿಲ್ಲ, ಬೇರೆ ಯಾರೋ ಮಾಡಿಟ್ಟದ್ದನ್ನು ಹುಡುಕಿಕೊಂಡು ಹೋಗುತ್ತದೆ. ಟಿಕ್ ತೆಗೆದರೆ ತಾನೇ ಪೈಪ್ ಮಾಡಿ, ಬರುವವರಿಗೆ ಕಾಯುತ್ತದೆ. ನನ್ನ ಪ್ರೋಗ್ರಾಮ್ ಕೂಡ ಇರುವ ಪೈಪನ್ನು ತೆರೆಯುವ ಜಾತಿಯದ್ದೇ. ಇಬ್ಬರೂ ಹೊರಗೆ ನಿಂತು ಬಾಗಿಲು ತಟ್ಟಿದರೆ ತೆಗೆಯುವವರು ಯಾರು? ಪೈಪ್ ಸಿಗದೆ ವಿಎಂ ಸ್ಟಾರ್ಟೇ ಆಗಲಿಲ್ಲ. ಎರರ್ ಬಂತು, ಉದ್ದ ಇತ್ತು, ಓದದೆ ಓಕೆ ಒತ್ತಿದೆ. ಬಾಡ್ ರೇಟ್ ಬದಲಿಸಿದೆ, ಪೈಪ್ ಹೆಸರು ಬದಲಿಸಿದೆ, ಮತ್ತೆ ಓಕೆ. ಟಿಕ್ ಮಾತ್ರ ಅಲ್ಲೇ! ಸಂಜೆ ಹೊತ್ತಿಗೆ ಎಕ್ಸ್‌ಪಿಯೇ ಹಾಳಾಗಿದೆ ಅಂತ ತೀರ್ಮಾನಿಸಿ ವಿಎಂ ರಿಮೂವ್ ಮಾಡಲು ಹೋದೆ. "ಡಿಲೀಟ್ ಆಲ್ ಫೈಲ್ಸ್" ಒತ್ತಿದೆ. ಡಿಸ್ಕೂ ಹೋಯಿತು, ಅದರೊಳಗಿನ ಬಿಲ್ಲೂ ಹೋಯಿತು. ಹೊಸದಾಗಿ ಎಕ್ಸ್‌ಪಿ ಹಾಕಿ ಅದೇ ಚೌಕಕ್ಕೆ ಮತ್ತೆ ಟಿಕ್ ಹಾಕಿದೆ, ಅದು ಬೇರೆ ಮಾತು.

ಧಣಿಗಳು ಬೈಯಲಿಲ್ಲ. ಡ್ರಾಯರಿನಿಂದ ಬಿಲ್ಲಿನ ಕಾರ್ಬನ್ ಪ್ರತಿಗಳ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟರು. ಮೂರು ದಿನ ಗೋಣಿಗಳ ನಡುವೆ ಕೂತು ಟೈಪ್ ಮಾಡಿದೆ. ತೂಕ 65.200 ಇದ್ದದ್ದು ಮಸುಕಾಗಿ 66.200 ಅಂತ ಕಾಣುತ್ತಿತ್ತು. ಪ್ರತಿ ಸಲ ಕೇಳಿದಾಗ ಅವರು ಕನ್ನಡಕ ಹಣೆಗೆ ಏರಿಸಿ, ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು ಹೇಳುತ್ತಿದ್ದರು.

ನಿಮಗೆ ನಾನು ಹೇಳುವುದಾದರೆ, ಪೈಪೇ ಬೇಡ. ಮಿಷನ್ ನಿಜವಾದದ್ದು ಇರುವಾಗ ನಡುವೆ ಈ ದಲ್ಲಾಳಿ ಪ್ರೋಗ್ರಾಮ್ ಯಾಕೆ? ಎರಡು ಪ್ರೋಗ್ರಾಮ್ ಮಾತಾಡಿಕೊಳ್ಳಬೇಕಾದಾಗ ಪೈಪ್ ಸರಿ, ಆಗ ಟಿಕ್ ತೆಗೆದು ಮೊದಲು ವಿಎಂ ಆನ್ ಮಾಡಿ, ಆಮೇಲೆ ನಿಮ್ಮ ಪ್ರೋಗ್ರಾಮ್. ನಿಮ್ಮ ಕೆಲಸಕ್ಕೆ ವಿಎಂ ಆಫ್ ಮಾಡಿ, ಪೋರ್ಟ್ ಮೋಡ್‌ನಲ್ಲಿ "ಹೋಸ್ಟ್ ಡಿವೈಸ್" ಆರಿಸಿ, ಯುಎಸ್‌ಬಿ ಸೀರಿಯಲ್ ಕೇಬಲಿಗೆ ವಿಂಡೋಸ್ ಕೊಟ್ಟ ಕಾಮ್ ನಂಬರ್ ಬರೆಯಿರಿ. ಕೇಬಲಿನ ಡ್ರೈವರ್ ಹೋಸ್ಟ್‌ನಲ್ಲೇ ಇರುತ್ತದೆ, ಎಕ್ಸ್‌ಪಿಗೆ ಅದು ಮಾಮೂಲಿ ಕಾಮ್1, ಏನೂ ಹಾಕಬೇಕಿಲ್ಲ. ಬಾಡ್ ರೇಟ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಬಿಲ್ಲಿನ ಸಾಫ್ಟ್‌ವೇರಿನಲ್ಲೂ ಮಿಷನ್‌ನಲ್ಲೂ ಒಂದೇ ಇರಬೇಕು. ಹೋಸ್ಟ್‌ನಲ್ಲಿ ಪುಟ್ಟಿ (ಸೀರಿಯಲ್ ಪೋರ್ಟನ್ನು ತೆರೆದು ನೋಡುವ ಪ್ರೋಗ್ರಾಮ್) ತೆರೆದಿಟ್ಟು ಮರೆಯಬೇಡಿ, ಪೋರ್ಟ್ ಒಂದು ಹೊತ್ತಿಗೆ ಒಬ್ಬರಿಗೇ.

ಒಂದು ಕಿರಿಕಿರಿ ಮಾತ್ರ ಉಳಿಯುತ್ತದೆ. ಅಗ್ಗದ ಕೇಬಲನ್ನು ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿದರೆ ವಿಂಡೋಸ್ ಹೆಚ್ಚಾಗಿ ಕಾಮ್ ನಂಬರನ್ನೇ ಬದಲಿಸುತ್ತದೆ, ಮತ್ತೆ ವಿಎಂ ಆನ್ ಆಗುವುದಿಲ್ಲ. ಅಂಗಡಿಯ ಹುಡುಗ ಮೊಬೈಲ್ ಚಾರ್ಜಿಗೆ ಇಡಲು ಎರಡು ಸಲ ಕಿತ್ತ. ಈಗ ಆ ಕೇಬಲ್ ಮೇಲೆ ಕಪ್ಪು ಟೇಪ್ ಸುತ್ತಿದೆ, ಉಳಿದ ತೂತುಗಳಿಗೂ ಟೇಪ್. ಹುಡುಗನಿಗೆ ಧಣಿಗಳೇ ಚಾರ್ಜರ್ ತೆಗೆದುಕೊಟ್ಟರು.