ಚಿಕ್ಕ ಮಗುವಿರುವ ಮನೆಯಲ್ಲಿ ಮೈಸೂರು ಶೈಲಿಯ ಚಿತ್ರರಚನೆ

ಎರಡು ವರ್ಷದ ಮಗಳು ಓಡಾಡುವ ಸಣ್ಣ ಮನೆಯಲ್ಲಿ ಮೈಸೂರು ಶೈಲಿಯ ಚಿತ್ರರಚನೆಯನ್ನು ಮುಂದುವರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಮುಂದುವರಿಸಬಹುದು, ಆದರೆ ಸಮಯಕ್ಕಿಂತ ಮೊದಲು ಸಾಮಗ್ರಿಯ ಕಡೆ ಗಮನ ಕೊಡಿ. ಗೆಸ್ಸೋಗೆ, ಅಂದರೆ ಆಭರಣ ಮುಂತಾದವನ್ನು ಉಬ್ಬಿಸಿ ಬರೆಯುವ ಲೇಪಕ್ಕೆ, ಹಿಂದೆ ಬಳಸುತ್ತಿದ್ದ ಸಫೇದವೆಂಬ ಬಿಳಿ ಪುಡಿಯಲ್ಲಿ ಸೀಸ, ಕೆಂಪು ಬಣ್ಣವಾದ ಇಂಗಳೀಕದಲ್ಲಿ ಪಾದರಸ, ಹಳದಿ ಬಣ್ಣವಾದ ಹರಿದಳದಲ್ಲಿ ಆರ್ಸೆನಿಕ್ ಇರುತ್ತವೆ. ಗೆಸ್ಸೋಗೆ ಸೇರಿಸುವ ರೇವಣಚಿನ್ನಿ ಎಂಬ ಹಳದಿ ರಾಳವಂತೂ ತೀವ್ರವಾದ ಭೇದಿಕಾರಕ. ನೆಲಕ್ಕೆ ಬಿದ್ದ ಪುಡಿ ಮಗುವಿನ ಕೈಯಿಂದ ಬಾಯಿಗೆ ಹೋಗಲು ತಡವಾಗದು. ಆದ್ದರಿಂದ ಸದ್ಯಕ್ಕೆ ವಿಷಕಾರಿಯಲ್ಲವೆಂದು ನಮೂದಿಸಿದ ಜಲವರ್ಣಗಳನ್ನೂ, ಉಬ್ಬು ಕೆಲಸಕ್ಕೆ ತುಸು ತೆಳುವಾಗಿಸಿದ ಅಕ್ರಿಲಿಕ್ ಮಾಡೆಲಿಂಗ್ ಪೇಸ್ಟನ್ನೂ ಬಳಸಿ. ಸಂಪ್ರದಾಯ ಕೆಡುತ್ತದೆಂಬ ಆಕ್ಷೇಪಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ.

ಇನ್ನು ಸಮಯದ ಮಾತು. ರೇಖೆ ಎಳೆಯುವುದನ್ನೂ ಬಣ್ಣ ತುಂಬುವುದನ್ನೂ ಮಗು ಕರೆದ ಕೂಡಲೇ ನಿಲ್ಲಿಸಿ, ಸಂಜೆ ಅಲ್ಲಿಂದಲೇ ಮುಂದುವರಿಸಬಹುದು. ಉಬ್ಬು ಎಳೆಗಳು ಹಾಗಲ್ಲ. ನಡುವೆ ಎದ್ದುಹೋದರೆ ಕುಂಚದ ತುದಿಯಲ್ಲಿಯೇ ಲೇಪ ಗಟ್ಟಿಯಾಗುತ್ತದೆ. ಚಿನ್ನದ ರೇಕು ಅಂಟು ಆರುವ ಮೊದಲೇ ಕೂರಬೇಕು, ಅಲ್ಲಿಯವರೆಗೆ ಫ್ಯಾನನ್ನೂ ಹಾಕುವಂತಿಲ್ಲ. ಈ ಎರಡು ಕೆಲಸಗಳನ್ನು ಮಾತ್ರ ಮಗಳು ಮಲಗಿದ ಮೇಲೆ, ಒಂದು ಬಾರಿಗೆ ಒಂದು ಕಂಠಹಾರವನ್ನೋ ಕಿರೀಟದ ಅಂಚನ್ನೋ ಎತ್ತಿಕೊಂಡು ಮಾಡಿ.