ಹಳೆಯ ಆಂಪ್ಲಿಫೈಯರಿಗೆ ಹಳೆಯ ಸ್ಪೀಕರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಅಮೆರಿಕದ ಆಸ್ಟಿನ್‌ನಲ್ಲಿ ನೆಲೆಸಿರುವ ಧಾರವಾಡದವನು. 1970ರ ದಶಕದ ಆರಂಭದ ಒಂದು ಫೆಂಡರ್ ಟ್ವಿನ್ ರಿವರ್ಬ್ ಆಂಪ್ಲಿಫೈಯರ್ ಕೊಂಡಿದ್ದೇನೆ. ಅದರ ಎರಡು ಹನ್ನೆರಡು ಇಂಚಿನ ಸ್ಪೀಕರ್‌ಗಳಲ್ಲಿ ಒಂದು ಸುಟ್ಟುಹೋದಾಗ ಹಿಂದಿನ ಮಾಲೀಕರು ಯಾವುದೋ 16 ಓಮ್‌ನ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಸ್ಪೀಕರ್ ಕೂಡಿಸಿದ್ದಾರೆ. ಗಿಟಾರ್ ನುಡಿಸುವ ನಾನು ಈಗ ಪೆಡಲ್ ಸ್ಟೀಲ್ ಎಂಬ ತಂತಿವಾದ್ಯವನ್ನೂ ಕಲಿಯುತ್ತಿದ್ದೇನೆ. ಎರಡಕ್ಕೂ ಒಪ್ಪುವ ಹಳೆಯ ಸ್ಪೀಕರ್ ಯಾವುದು? ಅಲ್ನಿಕೊ (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ) ಅಯಸ್ಕಾಂತದ್ದನ್ನೇ ಹುಡುಕಬೇಕೆ?

ಉತ್ತರ: ಮೊದಲು ಆ 16 ಓಮ್‌ನ ಸ್ಪೀಕರನ್ನು ತೆಗೆದುಬಿಡಿ. ಟ್ವಿನ್ ರಿವರ್ಬ್‌ನಲ್ಲಿ ಸ್ಪೀಕರಿಗೆ ಶಕ್ತಿ ಕಳಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 4 ಓಮ್‌ಗೆ ಹೊಂದುವಂತೆ ಸುತ್ತಿದ್ದು; 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದಾಗ ಸರಿಯಾಗಿ 4 ಓಮ್ ಆಗುತ್ತದೆ. ಈಗಿರುವ ಜೋಡಣೆಯಲ್ಲಿ ಒಟ್ಟು ಸುಮಾರು 5.3 ಓಮ್ ಆಗುತ್ತದೆ, ಅದನ್ನು ಟ್ರಾನ್ಸ್‌ಫಾರ್ಮರ್ ಸಹಿಸೀತು. ಆದರೆ ಶಕ್ತಿ ಸಮನಾಗಿ ಹಂಚಿಹೋಗುವುದಿಲ್ಲ: ಉಳಿದಿರುವ ಮೂಲ ಸ್ಪೀಕರ್ ಮೂರರಲ್ಲಿ ಎರಡು ಪಾಲನ್ನು ಹೊರುತ್ತದೆ, 16 ಓಮ್‌ನದ್ದು ಒಂದೇ ಪಾಲನ್ನು ಹೊರುತ್ತದೆ. ಅಂದರೆ ನೀವು ಉಳಿಸಿಕೊಳ್ಳಬೇಕೆಂದಿರುವ ಸ್ಪೀಕರೇ ಮುಂದೆ ಸುಡುವ ಸರದಿಯಲ್ಲಿ ನಿಂತಿದೆ. ಇನ್ನೊಂದು ಮಾತು: ಸ್ಪೀಕರ್ ಬಿಚ್ಚಿಟ್ಟಾಗ ನಿಮ್ಮ ಟ್ವಿನ್‌ನಂಥ ವಾಲ್ವ್ ಆಂಪ್ಲಿಫೈಯರನ್ನು ಒಂದು ಕ್ಷಣವೂ ನುಡಿಸಬಾರದು, ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಚಿಮ್ಮಿ ಅದರ ಒಳಸುತ್ತುಗಳೇ ಸುಟ್ಟುಹೋಗಬಹುದು.

ಇನ್ನು ಆಯ್ಕೆಯ ವಿಷಯ. ಗಿಟಾರಿಗೆ ಸ್ಪೀಕರ್ ಎಂಬುದು ವಾದ್ಯದ ಒಂದು ಭಾಗ. ಜೋರಾಗಿ ಮೀಟಿದಾಗ ತೆಳುವಾದ ಕಾಗದದ ಕೋನ್ ಅಲ್ಲಲ್ಲಿ ಬಳುಕಿ ತನ್ನದೇ ಒಂದು ಒರಟುತನವನ್ನು ಸೇರಿಸುತ್ತದೆ, ಗಿಟಾರ್ ವಾದಕರು ಹುಡುಕುವ ರುಚಿ ಹೆಚ್ಚಾಗಿ ಅದೇ. ಪೆಡಲ್ ಸ್ಟೀಲಿನ ಸ್ವಭಾವ ಬೇರೆ. ಹತ್ತು ತಂತಿಗಳ ಮೇಲೆ ಉಕ್ಕಿನ ಪಟ್ಟಿಯನ್ನು ಜಾರಿಸುತ್ತ, ಕಾಲಿನ ಪೆಡಲುಗಳಿಂದಲೂ ಮೊಣಕಾಲಿನ ಲಿವರುಗಳಿಂದಲೂ ಒಂದೊಂದು ತಂತಿಯ ಶ್ರುತಿಯನ್ನು ಏರಿಸಿ ಇಳಿಸುತ್ತ ನುಡಿಸುವ ಈ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಹೋಗುವ ಜಾರಿನಲ್ಲೇ ಎಲ್ಲ ಸೊಗಸೂ ಇದೆ. ಜೊತೆಗೆ ಬಲಗಾಲು ಸದಾ ವಾಲ್ಯೂಮ್ ಪೆಡಲಿನ ಮೇಲಿದ್ದು, ನಾದ ಕುಗ್ಗುತ್ತಿದ್ದಂತೆ ಪೆಡಲನ್ನು ತುಸುತುಸುವೇ ತೆರೆದು ಅದನ್ನು ಹಿಡಿದು ನಿಲ್ಲಿಸುತ್ತದೆ. ಹೀಗೆ ನಿಂತ ಮೂರು ಸ್ವರಗಳ ಮೇಳಕ್ಕೆ ಸ್ಪೀಕರ್ ತನ್ನ ಒರಟನ್ನು ಬೆರೆಸಿದರೆ ಶ್ರುತಿ ಕೆಟ್ಟಂತೆಯೇ ಕೇಳುತ್ತದೆ. ಕೆಳಗಿನ ಸ್ವರಗಳ ಹೊರೆಯೂ ಹೆಚ್ಚು: ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿದರೆ, ಸಿ6 ಎಂಬ ಶ್ರುತಿಕ್ರಮದಲ್ಲಿ ಹೊಂದಿಸಿದ ಪೆಡಲ್ ಸ್ಟೀಲಿನ ಹತ್ತನೆಯ ತಂತಿ ಸುಮಾರು 65 ಹರ್ಟ್ಸ್‌ಗೆ ಇಳಿಯುತ್ತದೆ.

ಆದ್ದರಿಂದಲೇ ಸ್ಟೀಲ್ ವಾದಕರು ಜೆಬಿಎಲ್ ಎಂಬ ಅಮೆರಿಕದ ಕಂಪನಿಯ ಸ್ಪೀಕರ್‌ಗಳ ಕಡೆಗೆ ವಾಲಿದರು. ಅದರ 15 ಇಂಚಿನ ಡಿ130 ಸ್ಪೀಕರ್ 1940ರ ದಶಕದ ಕೊನೆಯದು. ಕೋನನ್ನು ಅಲುಗಿಸುವ ನಾಲ್ಕು ಇಂಚು ವ್ಯಾಸದ ವಾಯ್ಸ್ ಕಾಯಿಲ್, ಅದಕ್ಕೆ ಅಂಚಿನ ಮೇಲೆ ನಿಲ್ಲಿಸಿ ಸುತ್ತಿದ ಚಪ್ಪಟೆ ಅಲ್ಯೂಮಿನಿಯಂ ತಂತಿ, ನಡುವೆ ಹೊಳೆಯುವ ಅಲ್ಯೂಮಿನಿಯಂ ಗುಮ್ಮಟ. ಇದೇ ಕುಟುಂಬದ ಡಿ130ಎಫ್, 12 ಇಂಚಿನ ಡಿ120ಎಫ್ ಮಾದರಿಗಳನ್ನು ಫೆಂಡರ್‌ಗಾಗಿಯೇ ಮಾಡಲಾಯಿತು. ಟ್ವಿನ್ ರಿವರ್ಬ್‌ಗೂ ಡಿ120ಎಫ್ ಜೋಡಿಯನ್ನು ಹೆಚ್ಚು ಬೆಲೆಗೆ ಹಾಕಿಸಿಕೊಳ್ಳಬಹುದಿತ್ತು. ನಿಮ್ಮ ಮನಸ್ಸು ಪೆಡಲ್ ಸ್ಟೀಲಿನ ಕಡೆಗೇ ಹೆಚ್ಚು ಹೊರಳಿದ್ದರೆ ಈ ಜೋಡಿಯನ್ನು ಹುಡುಕಿ. ಆದರೆ ಗಿಟಾರನ್ನು ಒರಟುನಾದದಲ್ಲಿ ನುಡಿಸುವವರಿಗೆ ಇದೇ ಗುಮ್ಮಟದ ಮಿರುಗು ಕಿವಿಗೆ ಚುಚ್ಚುತ್ತದೆ. ನಿಮ್ಮ ಹೆಚ್ಚಿನ ಹೊತ್ತು ಗಿಟಾರಿನದ್ದೇ ಆಗಿದ್ದರೆ ಜೆನ್ಸನ್ ಕಂಪನಿಯ ಸಿ12ಎನ್ ಸಾಕು, ನನ್ನ ಕಿವಿಗೆ ಅದೇ ಮೇಲು. ಒಂದೊಂದನ್ನು ಬೆರೆಸಿ ಎರಡು ದೋಣಿಯಲ್ಲಿ ಕಾಲಿಡಬೇಡಿ: ಹಳೆಯ ಜೆಬಿಎಲ್‌ಗಳಲ್ಲಿ ಕೆಂಪು ತುದಿಗೆ ಬ್ಯಾಟರಿಯ ಧನಾಗ್ರ ಮುಟ್ಟಿಸಿದರೆ ಕೋನ್ ಒಳಕ್ಕೆ ಹೋಗುತ್ತದೆ, ಉಳಿದ ಬಹುತೇಕ ಸ್ಪೀಕರ್‌ಗಳಲ್ಲಿ ಹೊರಕ್ಕೆ ಬರುತ್ತದೆ. ಇದನ್ನರಿಯದೆ ಜೋಡಿಸಿದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಕೆಳಗಿನ ಸ್ವರಗಳೆಲ್ಲ ಸೊರಗುತ್ತವೆ. 1.5 ವೋಲ್ಟಿನ ಒಂದು ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ ಕೋನ್ ಯಾವ ಕಡೆ ಚಲಿಸಿತೆಂದು ನೋಡಿದರೆ ಸಾಕು, ಗೊತ್ತಾಗುತ್ತದೆ.

ಅಲ್ನಿಕೊ ಬಗ್ಗೆ ಇರುವ ಮೋಹವನ್ನು ಸ್ವಲ್ಪ ಬದಿಗಿಡಿ. ಜೆನ್ಸನ್‌ನ ಹೆಸರಿನಲ್ಲಿ ಪಿ ಎಂದರೆ ಅಲ್ನಿಕೊ, ಸಿ ಎಂದರೆ ಸಿರಾಮಿಕ್ ಅಯಸ್ಕಾಂತ, ನಡುವಿನ ಅಂಕಿ ಇಂಚಿನದ್ದು. 1960ರ ದಶಕದ ಟ್ವಿನ್ ರಿವರ್ಬ್‌ಗಳಲ್ಲಿ ಬಂದ ಸಿ12ಎನ್ ಸಿರಾಮಿಕ್ಕೇ, ಜನ ಇಂದಿಗೂ ಮೆಚ್ಚಿ ನೆನೆಯುವ ಆ ನಾದ ಅದರಿಂದಲೇ ಬಂದದ್ದು. 1970ರ ದಶಕದ ಕೊನೆಗೆ ಜೈರ್ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಗಲಭೆಯಿಂದ ಕೋಬಾಲ್ಟ್ ಬೆಲೆ ಗಗನಕ್ಕೇರಿದಾಗ ತಯಾರಕರು ಅಲ್ನಿಕೊವನ್ನು ಬಿಟ್ಟದ್ದಕ್ಕೆ ಕಾರಣ ದುಡ್ಡು, ನಾದವಲ್ಲ. ನಾದವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೋನಿನ ಕಾಗದ, ಅದರ ಅಂಚು ಮತ್ತು ಕಾಯಿಲ್. ಇಂಗ್ಲೆಂಡಿನ ಸೆಲೆಶನ್ ಬ್ಲೂ ನಿಜವಾಗಿಯೂ ಸೊಗಸಾದ ಅಲ್ನಿಕೊ ಸ್ಪೀಕರ್. ಆದರೆ ಅದರ ಸಾಮರ್ಥ್ಯ 15 ವ್ಯಾಟ್ ಮಾತ್ರ. ಅದಕ್ಕಿಂತ ಬಹಳ ಹೆಚ್ಚು ಶಕ್ತಿಯ ನಿಮ್ಮ ಟ್ವಿನ್‌ಗೆ ಅಂಥ ಎರಡನ್ನು ಹಾಕಿದರೆ ಮೊದಲ ಕಛೇರಿಯನ್ನೂ ಅವು ದಾಟಲಾರವು.

ಪ್ರಶ್ನೆ: ಹಳೆಯ ಸ್ಪೀಕರನ್ನು ಕೊಳ್ಳುವ ಮೊದಲು ಹೇಗೆ ಪರೀಕ್ಷಿಸಬೇಕು? ಚೌಕಟ್ಟಿನ ಮೇಲಿನ ಅಂಕಿಗಳ ಅರ್ಥವೇನು?

ಉತ್ತರ: ಅಂಕಿಗಳ ಮೊದಲ ಗುಂಪು ತಯಾರಕರದ್ದು: 220 ಎಂದರೆ ಜೆನ್ಸನ್, 465 ಆಕ್ಸ್‌ಫರ್ಡ್, 137 ಸಿಟಿಎಸ್, 67 ಎಮಿನೆನ್ಸ್. ನಂತರದ ಅಂಕಿಗಳು ವರ್ಷ ಮತ್ತು ವಾರದವು. 220632 ಎಂದಿದ್ದರೆ ಜೆನ್ಸನ್, 6ರಲ್ಲಿ ಮುಗಿಯುವ ವರ್ಷದ 32ನೆಯ ವಾರ. ಅದು 1956ನೆಯದೋ 1966ನೆಯದೋ ಎಂಬುದನ್ನು ಸ್ಪೀಕರಿನ ಮಾದರಿ ನೋಡಿ ತಿಳಿಯಬೇಕು. ಆದರೆ ಈ ಅಂಕಿಗಳು ಚೌಕಟ್ಟಿನ ವಯಸ್ಸನ್ನು ಹೇಳುತ್ತವೆಯೇ ಹೊರತು ಕೋನಿನ ವಯಸ್ಸನ್ನಲ್ಲ. ಕೋನ್ ಬದಲಿಸಿರಬಹುದು, ಆಗ ಹೆಸರು ಹಳೆಯದಾದರೂ ನಾದ ಹೊಸದು.

ಪರೀಕ್ಷೆಗೆ ಕಿವಿ, ಬೆರಳು, ಒಂದು ಮಲ್ಟಿಮೀಟರ್ ಬೇಕು. ಸ್ಪೀಕರನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಎರಡೂ ಕೈಗಳ ಬೆರಳ ತುದಿಗಳನ್ನು ನಡುವಿನ ಗುಮ್ಮಟದ ಸುತ್ತ ಸಮದೂರದಲ್ಲಿರಿಸಿ, ಕೋನನ್ನು ನೇರವಾಗಿ, ಮೆಲ್ಲಗೆ ಒತ್ತಿ ಬಿಡಿ. ಆಗ ಕಿವಿಯನ್ನು ಕೋನಿಗೆ ಹತ್ತಿರ ತನ್ನಿ. ನಿಶ್ಶಬ್ದವಾಗಿ ಇಳಿದು ಏರಿದರೆ ಒಳ್ಳೆಯದು. ಒಣ ಎಲೆಯ ಮೇಲೆ ಉಗುರೆಳೆದಂತೆ ಸರಕ್ಕೆಂದರೆ ಕಾಯಿಲ್ ಅಯಸ್ಕಾಂತದ ಸಂದಿಯಲ್ಲಿ ಉಜ್ಜುತ್ತಿದೆ ಎಂದರ್ಥ, ಅಂಥದ್ದನ್ನು ಕೊಳ್ಳಬೇಡಿ. ಮೂಗನ್ನೂ ಹತ್ತಿರ ತನ್ನಿ. ಸುಟ್ಟ ಕಾಯಿಲಿನ ವಾರ್ನಿಶ್ ವಾಸನೆ ವರ್ಷಗಟ್ಟಲೆ ಉಳಿಯುತ್ತದೆ. ಮೀಟರಿನಲ್ಲಿ 8 ಓಮ್‌ನ ಸ್ಪೀಕರ್ ಸಾಮಾನ್ಯವಾಗಿ 6ರಿಂದ 7ರವರೆಗೆ ತೋರಿಸುತ್ತದೆ. ಮೀಟರ್ ಅಳೆಯುವುದು ನೇರ ಪ್ರವಾಹದ ತಡೆಯನ್ನು ಮಾತ್ರವಾದ್ದರಿಂದ 8 ತೋರಿಸಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

ಅಂಚೆಯಲ್ಲಿ ತರಿಸುವವರಿಗೆ ನನ್ನ ಅನುಭವದ ಒಂದು ಮಾತು. ನಾನು ಒಮ್ಮೆ ತರಿಸಿದ 15 ಇಂಚಿನ ಸ್ಪೀಕರಿಗೆ ಮಾರಾಟಗಾರರು ಒಂದೇ ಪದರ ರಟ್ಟಿನ ಪೆಟ್ಟಿಗೆ ಬಳಸಿದ್ದರು. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು, ಅಯಸ್ಕಾಂತದ ಭಾರಕ್ಕೆ ಕಾಯಿಲಿನ ನಡುವೆ ನಿಲ್ಲುವ ಕಂಬ ಸರಿದು, ಕೋನ್ ಅಲ್ಲಾಡದಂತೆ ಕಚ್ಚಿಕೊಂಡಿತ್ತು. ಕೋನಿನಲ್ಲಿ ಒಂದು ಗೀರೂ ಇರಲಿಲ್ಲ, ನೋಡಿದರೆ ಹೊಸದರಂತಿತ್ತು. ಅಂದಿನಿಂದ ನಾನು ಮೊದಲೇ ಬರೆದು, ಎರಡು ಪೆಟ್ಟಿಗೆ, ನಡುವೆ ಗಟ್ಟಿ ಥರ್ಮೋಕೋಲ್, ಚೌಕಟ್ಟನ್ನು ದಪ್ಪ ಪ್ಲೈವುಡ್ಡಿಗೆ ಬೋಲ್ಟ್ ಹಾಕಿ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನನ್ನಲ್ಲಿ ಪೀವಿ ನ್ಯಾಶ್‌ವಿಲ್ 400 ಆಂಪ್ಲಿಫೈಯರ್ ಇದೆ. ಅದರ ಮೂಲ ಸ್ಪೀಕರ್ ತೆಗೆದು 8 ಓಮ್‌ನ ಜೆಬಿಎಲ್ ಡಿ130ಎಫ್ ಹಾಕಬಹುದೆ?

ಉತ್ತರ: ಹಾಕಬಹುದು, ಆಂಪ್ಲಿಫೈಯರಿಗೆ ತೊಂದರೆಯಿಲ್ಲ. ಅದು ಟ್ರಾನ್ಸಿಸ್ಟರಿನದ್ದು, ಮೂಲ ಬ್ಲ್ಯಾಕ್ ವಿಡೋ ಸ್ಪೀಕರ್ 4 ಓಮ್‌ನದ್ದು. 8 ಓಮ್ ಹಾಕಿದಾಗ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ, ಅಂದರೆ 3 ಡೆಸಿಬಲ್ ಇಳಿಯುತ್ತದೆ. ಜೆಬಿಎಲ್‌ನ ಸಂವೇದನೆ (ಕಡಿಮೆ ಶಕ್ತಿಗೂ ಜೋರಾಗಿ ನುಡಿಯುವ ಗುಣ) ಹೆಚ್ಚಿರುವುದರಿಂದ ಕಿವಿಗೆ ಆ ಕೊರತೆ ಅಷ್ಟಾಗಿ ಕಾಣದು. ಆದರೆ ನನ್ನ ಸಲಹೆ ಬೇರೆ. ಆ ಕಾಲದ ಜೆಬಿಎಲ್ ಇಂಥ ಬಲವಾದ ಆಂಪ್ಲಿಫೈಯರಿನ ಹೊಡೆತಕ್ಕೆ ಕಟ್ಟಿದ್ದಲ್ಲ. ದುಬಾರಿ ಕಾಯಿಲ್ ಸುಟ್ಟರೆ ಮೂಲದ ಕೋನ್ ಮತ್ತೆ ಸಿಗುವುದಿಲ್ಲ. ಬ್ಲ್ಯಾಕ್ ವಿಡೋದಲ್ಲಿ ಕೋನ್, ಕಾಯಿಲ್, ಚೌಕಟ್ಟು ಒಟ್ಟಿಗೆ ಬೋಲ್ಟ್ ಬಿಚ್ಚಿ ಅಯಸ್ಕಾಂತದಿಂದ ಬೇರ್ಪಡುತ್ತವೆ. ಅಂಥ ಹೊಸ ಚೌಕಟ್ಟು ಸಿಕ್ಕರೆ ತರಿಸಿ, ಸಂದಿಯ ಧೂಳನ್ನು ಅಂಟುಪಟ್ಟಿಯಿಂದ ತೆಗೆದು ಮನೆಯಲ್ಲೇ ಕೂಡಿಸಬಹುದು. ಪೆಡಲ್ ಸ್ಟೀಲಿಗಾಗಿಯೇ ರೂಪಿಸಿದ ಆಂಪ್ಲಿಫೈಯರ್ ಅದು, ಅದರ ಸ್ಪೀಕರನ್ನು ಅದಕ್ಕೇ ಬಿಡಿ.

ಪ್ರಶ್ನೆ: ಮಂಗಳೂರಿನಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತೇನೆ. ತಂದೆಯವರ ಹಳೆಯ ಸ್ಪೀಕರಿನ ಕೋನಿಗೆ ಬೂಷ್ಟು ಹಿಡಿದಿದೆ. ಹೊಸ ಕೋನ್ ಹಾಕಿಸಲೆ?

ಉತ್ತರ: ಹಾಕಿಸುವ ಅವಸರ ಬೇಡ. ರಿಪೇರಿ ಅಂಗಡಿಯವರ ಬಳಿ ಇರುವುದು ಹೆಚ್ಚಾಗಿ ಸಭೆ ಸಮಾರಂಭಗಳ ಧ್ವನಿವರ್ಧಕದ ಕೋನ್; ಅಳತೆಗೆ ಸರಿಹೊಂದಿದರೂ ದಪ್ಪ ಬೇರೆ, ತೂಕ ಬೇರೆ, ಆದ್ದರಿಂದ ನಾದವೂ ಬೇರೆ. ಮೊದಲು ಬಿಸಿಲಿಗೆ ನೇರವಾಗಿ ಒಡ್ಡದೆ, ಗಾಳಿಯಾಡುವ ಒಣ ಕೋಣೆಯಲ್ಲಿ ಕೆಲವು ದಿನ ಇಡಿ. ಬಳಿಕ ಮೆತ್ತನೆಯ ಒಣ ಕುಂಚದಿಂದ ಬೂಷ್ಟನ್ನು ಹೊರಮುಖವಾಗಿ ಸವರಿ ತೆಗೆಯಿರಿ. ಒದ್ದೆ ಬಟ್ಟೆ ತಾಗಿಸಬೇಡಿ. ಕಾಗದ ಮೆತ್ತಗಾಗದೆ, ಹರಿಯದೆ ಇದ್ದರೆ, ಮೇಲೆ ಹೇಳಿದ ಬೆರಳ ಪರೀಕ್ಷೆಯಲ್ಲಿ ಉಜ್ಜುವ ಸದ್ದು ಬಾರದಿದ್ದರೆ, ಅದೇ ಕೋನ್ ಇನ್ನೂ ಬಹಳ ಕಾಲ ನುಡಿಯುತ್ತದೆ. ಮಳೆಗಾಲದಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಬೇಡಿ, ಒಳಗಿನ ತೇವಕ್ಕೆ ಹೊರಹೋಗುವ ದಾರಿಯೇ ಇರುವುದಿಲ್ಲ. ಹತ್ತಿಯ ಬಟ್ಟೆ ಹೊದಿಸಿ, ಸಾಧ್ಯವಾದರೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನುಡಿಸಿ.