ಅಮೆರಿಕದಲ್ಲಿ ಐಸ್ ಮೇಲೆ ಟಿಪ್-ಅಪ್ ಇಟ್ಟು ಮೀನು ಹಿಡಿಯೋದು ಹೆಂಗೆ, ರೂಲ್ಸ್ ಏನೇನೈತೆ?

ನೀವು ಕೇಳಿರೋದು, ಓದೋಕೆ ಮಿನ್ನೆಸೋಟಾಗೆ ಹೋಗ್ತಿದೀನಿ, ಕುಣಿಗಲ್ ದೊಡ್ಡಕೆರೇಲಿ ಗಾಳ ಹಾಕಿ ಅಭ್ಯಾಸ ಐತೆ, ಅಲ್ಲಿ ಟಿಪ್-ಅಪ್ ಇಟ್ಬಿಟ್ಟು ರೂಮಲ್ಲಿ ಬೆಚ್ಚಗೆ ಕೂತ್ಕೋಬಹುದಾ ಅಂತ. ಆಗಲ್ಲ. ನಾನೂ ತುಮಕೂರೋನೆ, ಕೆಲಸದ ಮೇಲೆ ಮಿನಿಯಾಪೊಲಿಸ್ ಹತ್ರ ಕೆಲವು ವರ್ಷ ಇದ್ದು ಈಗ ಊರಿಗೆ ವಾಪಸ್ ಬಂದಿದೀನಿ, ಗೊತ್ತಿರೋದು ಹೇಳ್ತೀನಿ.

ಟಿಪ್-ಅಪ್ ಕೆಲಸ ಒಂದೇ, ಮೀನು ಬಂತು ಅಂತ ತಿಳಿಸೋದು. ಚಳಿಗಾಲದಲ್ಲಿ ಹೆಪ್ಪುಗಟ್ಟಿರೋ ಕೆರೆ ಐಸಲ್ಲಿ ತೂತು ಕೊರೆದು ಮೇಲೆ ಅಡ್ಡ ಪಟ್ಟಿ ಇಡ್ತಾರೆ, ದಾರ ಸುತ್ತಿರೋ ರೀಲು ನೀರೊಳಗೆ ಇರುತ್ತೆ, ಅದಕ್ಕೇ ಹೆಪ್ಪುಗಟ್ಟಲ್ಲ, ಮೇಲ್ಗಡೆ ಸ್ಪ್ರಿಂಗ್ ಪಟ್ಟಿಗೆ ಕಟ್ಟಿರೋ ಬಾವುಟಾನ ಬಗ್ಗಿಸಿ ಸಿಕ್ಕಿಸಿರ್ತಾರೆ. ಮೀನು ಕಚ್ಕೊಂಡು ಓಡಿದ್ರೆ ರೀಲು ತಿರುಗಿ ಬಾವುಟ ಪಟ್ ಅಂತ ಏಳುತ್ತೆ. ಆಮೇಲಿಂದು ಎಲ್ಲಾ ನಿಮ್ ಕೈದೇ. ನೀವು ದೂರ ಇದ್ರೆ ಅಷ್ಟೊತ್ತಿಗೆ ಮೀನು ಗಾಳಾನ ಹೊಟ್ಟೆವರೆಗೂ ನುಂಗಿರುತ್ತೆ, ಅಳತೆಗೆ ಬರ್ದೆ ವಾಪಸ್ ಬಿಡಬೇಕಾದ ಮೀನಾದ್ರೆ ಬಿಟ್ರೂ ಬದುಕೋದು ಕಷ್ಟ. ಅದಕ್ಕೆ ಹತ್ರ ಇರಬೇಕು ಅನ್ನೋ ರೂಲನ್ನ ನಾನು ಎಲ್ಲಕ್ಕಿಂತ ಮೇಲಿಡ್ತೀನಿ.

ಮಿನ್ನೆಸೋಟಾದಲ್ಲಿ ಟಿಪ್-ಅಪ್ಪಿಂದ 200 ಅಡಿ ಒಳಗೇ ಇರಬೇಕು. ಬೇಸಿಗೇಲಿ ಒಬ್ರಿಗೆ ಒಂದೇ ದಾರ, ಐಸ್ ಮೇಲೆ ಎರಡು, ಟಿಪ್-ಅಪ್ಪೂ ಒಂದು ದಾರ ಅಂತಾನೇ ಲೆಕ್ಕ. ಪಕ್ಕದ ವಿಸ್ಕಾನ್ಸಿನ್‌ಗೆ ಹೋದ್ರೆ ಮೂರು ದಾರ, ದೂರ 100 ಗಜ. ಮಿಷಿಗನ್ನಲ್ಲಿ ಟಿಪ್-ಅಪ್ ಮೇಲೆ ನಿಮ್ಮ ಹೆಸರು ವಿಳಾಸ ಬರೆದಿರಬೇಕು ಇಲ್ಲಾ ಡ್ರೈವಿಂಗ್ ಲೈಸೆನ್ಸ್ ನಂಬರ್ ಹಾಕಿರಬೇಕು. ಮಿನ್ನೆಸೋಟಾದಲ್ಲಿ ಹದಿನಾರು ವರ್ಷ ತುಂಬಿದ್ರೆ ಮೀನು ಹಿಡಿಯೋ ಲೈಸೆನ್ಸ್ ಬೇಕೇ ಬೇಕು, ಅಲ್ಲಿನ ವರ್ಷದ ಲೈಸೆನ್ಸು ಫೆಬ್ರವರಿ ಕೊನೆಗೆ ಮುಗಿಯುತ್ತೆ, ಜನವರೀಲಿ ತಗೊಂಡ್ರೂ ಅಷ್ಟೇ, ಒಂದೆರಡು ದಿನಕ್ಕಾದ್ರೆ 24 ಗಂಟೆದೋ 72 ಗಂಟೆದೋ ಸಿಗುತ್ತೆ ಅದನ್ನ ನೋಡಿ. ರೂಲ್ಸ್ ವರ್ಷ ವರ್ಷ ಬದಲಾಗ್ತವೆ, ಹೊರಡೋ ಮುಂಚೆ ಆ ರಾಜ್ಯದ ಡಿಎನ್ಆರ್ ಅಂದ್ರೆ ನೈಸರ್ಗಿಕ ಸಂಪನ್ಮೂಲ ಇಲಾಖೆಯ ರೂಲ್ಸ್ ಪುಸ್ತಕ ಓದ್ಕೊಳಿ.

ಅಮಾನಿಕೆರೆ ದಂಡೆ ಮೇಲೆ ವಾಕಿಂಗ್ ಮಾಡಿ ಬೆಳೆದವರಿಗೆ ನೀರಿನ ಮೇಲೇ ನಡೆಯೋದು ಹೊಸದು, ಇದನ್ನ ಹಗುರವಾಗಿ ತಗೋಬೇಡಿ. ನಡೆಯೋಕೆ ಕಮ್ಮಿ ಅಂದ್ರೂ 4 ಇಂಚು ಗಟ್ಟಿ, ತಿಳಿಯಾಗಿರೋ ಐಸು ಬೇಕು, ಬೆಳ್ಳಗೆ ಹಿಮ ಬೆರೆತಿರೋ ಐಸಾದ್ರೆ ಅದರ ಎರಡರಷ್ಟು. ಹಳ್ಳ ಬಂದು ಸೇರೋ ಕಡೆ ತೆಳ್ಳಗಿರುತ್ತೆ. ಅಲ್ಲಲ್ಲಿ ತೂತು ಕೊರೆದು ಅಳೀರಿ, ನೀರಿಗೆ ಬಿದ್ರೆ ಐಸ್‌ಗೆ ಚುಚ್ಚಿ ಮೇಲೆ ಬರೋಕೆ ಐಸ್ ಪಿಕ್ಸ್ ಅನ್ನೋ ಚೂಪು ಮೊಳೆ ಹಿಡಿಗಳನ್ನ ಕೊರಳಿಗೆ ಹಾಕ್ಕೊಳಿ, ಒಬ್ರೇ ಹೋಗ್ಬೇಡಿ.

ಈಗ ಹಿಡಿಯೋದಕ್ಕೆ ಬರೋಣ. ದಾರ ದಪ್ಪ ಡೇಕ್ರಾನ್ (ಹೆಣೆದ ಪಾಲಿಯೆಸ್ಟರ್ ದಾರ) ಇರ್ಲಿ, ಬರಿಗೈಲಿ ಎಳೀಬೇಕಲ್ಲ, ಸಣ್ಣ ನೈಲಾನ್ ದಾರ ಒದ್ದೆ ಕೈನ ಕುಯ್ದುಬಿಡುತ್ತೆ. ಪೈಕ್ ಮೀನಿಗೆ ಹಲ್ಲು ಜಾಸ್ತಿ, ದಾರ ಕಡೀದಂಗೆ ಗಾಳದ ಹತ್ರ ಸ್ಟೀಲ್ ಲೀಡರ್ ಅನ್ನೋ ತಂತಿ ತುಂಡು ಹಾಕಿ. ಎರೆ ಅಂದ್ರೆ ಶೈನರ್ ಇಲ್ಲಾ ಸಕರ್ ಅನ್ನೋ ಮೀನಿನ ಜೀವಂತ ಮರಿ, ಬೆನ್ನಿನ ರೆಕ್ಕೆ ಕೆಳಗೆ ತೆಳ್ಳಗೆ ಚುಚ್ಚಿ, ಬೆನ್ನುಮೂಳೆ ತಾಗಿದ್ರೆ ಮರಿ ಈಜಲ್ಲ. ಗಾಳಕ್ಕೆ ಒಂದು ತೂಕ ಸಿಕ್ಕಿಸಿ ತಳ ಮುಟ್ಟಿಸಿ ಆಳ ನೋಡ್ಕೊಂಡು, ವಾಲೈ ಅನ್ನೋ ಮೀನಿಗೆ ತಳದಿಂದ ಒಂದು ಒಂದೂವರೆ ಅಡಿ ಮೇಲಕ್ಕೆ ನಿಲ್ಲಿಸಿ. ಪೈಕ್ ಜೊಂಡಿನ ಅಂಚಲ್ಲಿ ಕಾಯುತ್ತೆ, ಅದು ಮೇಲಕ್ಕೆ ನೋಡೋ ಮೀನು, ಜೊಂಡಿಗಿಂತ ಮೇಲೆ ತೂಗುಹಾಕಿ. ಎರಡು ಟಿಪ್-ಅಪ್ ಇದ್ರೆ ಒಂದನ್ನ ಕಮ್ಮಿ ಆಳಕ್ಕೆ, ಇನ್ನೊಂದನ್ನ ಇಳಿಜಾರು ಶುರುವಾಗೋ ಕಡೆಗೆ ಇಡಿ. ತೂತು ಮತ್ತೆ ಕಟ್ಕೊಳ್ತಾ ಇರುತ್ತೆ, ಜಾಲರಿ ಸೌಟಲ್ಲಿ ಆಗಾಗ ತೆಗೀತಾ ಇರಿ.

ಬಾವುಟ ಎದ್ದಾಗ ಧಡಧಡ ಓಡಬೇಡಿ, ಆಳ ಕಮ್ಮಿ ಇದ್ರೆ ಸದ್ದು ಕೆಳಗೆ ಕೇಳುತ್ತೆ. ಹೋಗಿ ಮೊದ್ಲು ರೀಲು ನೋಡಿ, ತಿರುಗ್ತಾ ಇದ್ರೆ ಮೀನು ಇನ್ನೂ ಹಿಡ್ಕೊಂಡೈತೆ ಅಂತ. ಟಿಪ್-ಅಪ್ ಎತ್ತಿ ದೂರ ಇಡಿ, ದಾರ ಸಿಕ್ಕಾಗ್ಬಾರ್ದು, ನಿಧಾನಕ್ಕೆ ಸಡಿಲ ಎಳ್ಕೊಳಿ, ಬೆರಳಿಗೆ ಭಾರ ಸಿಕ್ಕಿದ ತಕ್ಷಣ ಒಂದು ಗಟ್ಟಿ ಜಗ್ಗು. ಕಪ್ಪೆ ಕಟ್ಟಿ ಕೊರವ ಹಿಡಿದಿದ್ರೆ ಈ ಗಳಿಗೆ ನಿಮಗೆ ಹೇಳ್ಕೊಡೋದೇ ಬೇಡ. ಅಲ್ಲಿಂದ ಕೈ ಮೇಲೆ ಕೈ ಹಾಕಿ ಎಳೀರಿ, ಮೀನು ಓಡಿದ್ರೆ ಬೆರಳ ಸಂದೀಲಿ ದಾರ ಬಿಡಿ, ಯಾವ ಕಾರಣಕ್ಕೂ ಕೈಗೆ ಸುತ್ಕೋಬೇಡಿ. ತಲೆ ತೂತಿನ ಬಾಯಿಗೆ ನೇರವಾಗಿ ಬಂದ್ಮೇಲೆ ಒಂದೇ ಎಳೆತಕ್ಕೆ ಮೇಲೆ ತನ್ನಿ, ಗಾಳ ತೆಗೆಯೋಕೆ ಇಕ್ಕಳ ಬಳಸಿ, ಪೈಕ್ ಬಾಯಿಗೆ ಬೆರಳು ಹಾಕ್ಬೇಡಿ.

ಹೊರಡೋವಾಗ ಮಿಕ್ಕಿದ ಮರಿಗಳನ್ನ ಕೆರೆಗೆ ಸುರಿಯೋದು ತಪ್ಪು, ಡಬ್ಬೀಲಿರೋ ಕೆರೆ ನೀರನ್ನೂ ಅಲ್ಲೇ ಚೆಲ್ಲಿ, ಮರಿ ಉಳಿಸ್ಕೋಬೇಕಂದ್ರೆ ಮನೆಯಿಂದ ತಂದ ಬೇರೆ ನೀರು ತುಂಬಿಸ್ಕೊಳಿ, ಜೀಬ್ರಾ ಮಸಲ್ ಅನ್ನೋ ಸಣ್ಣ ಚಿಪ್ಪಿನ ಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡ್ಬಾರ್ದು ಅಂತ ಅಲ್ಲಿ ಇದು ಕಾನೂನೇ.